ದಾರಿಯಲ್ಲಿ ಸತ್ತ ಕುದುರೆಯ ಬೆಲೆ

ವಿಜಯಪುರ ಜಿಲ್ಲೆಯ ತಂಗಡಗಿ ಎಂದಕೂಡಲೇ ನಮ್ಮ ಭಾಗದವರಿಗೆ ನೆನಪಾಗುವುದು ಶರಣೆ ನೀಲಮ್ಮನ ಐಕ್ಯಸ್ಥಳ. ಕಲ್ಯಾಣದಿಂದ ಹೊರಟ ನೀಲಾಂಬಿಕೆ ಹೊಳೆ ದಾಟಿ ಕೂಡಲಸಂಗಮಕ್ಕೆ ಹೋಗದೆ ಕೃಷ್ಣೆಯ ಈ ದಂಡೆಯಲ್ಲೇ ಐಕ್ಯಳಾದಳು ಎಂದು ಇಲ್ಲಿನವರು ನಂಬುತ್ತಾರೆ. ಇತಿಹಾಸ ಓದಿದವರಿಗೆ ಇನ್ನೊಂದು ನೆನಪೂ ಆಗುತ್ತದೆ: 1565ರ ರಕ್ಕಸತಂಗಡಿ ಕಾಳಗ. ರಕ್ಕಸಗಿ, ತಂಗಡಗಿ ಎಂಬ ಎರಡು ಊರಿನ ಹೆಸರು ಕೂಡಿ ಆ ಕಾಳಗದ ಹೆಸರಾಯಿತು. ಅಲ್ಲಿ ಎದುರುಬದುರಾದ ವಿಜಯನಗರದ ಮತ್ತು ದಖ್ಖನಿನ ಸುಲ್ತಾನರ ಸೈನ್ಯಗಳೆರಡೂ ಒಂದೇ ಪರದೇಶಿ ಮಾಲನ್ನು ನೆಚ್ಚಿಕೊಂಡಿದ್ದವು. ಅದು ಕುದುರೆ.

ದಖ್ಖನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬ್ಬಿ, ಪರ್ಶಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅಲ್ಲಿ ಕೊಂಡ ಬೆಲೆಗೂ ಇಲ್ಲಿ ಮಾರಿದ ಬೆಲೆಗೂ ಅಜಗಜಾಂತರ. ಆದರೆ ಕಡಲ ದಾರಿಯಲ್ಲಿ ಎಷ್ಟೋ ಕುದುರೆಗಳು ಸಾಯುತ್ತಿದ್ದವು. ವಿಜಯನಗರದ ಸಾಳುವ ನರಸಿಂಹ ಈ ವ್ಯಾಪಾರಿಗಳಿಗೆ ಕೊಟ್ಟ ಸವಲತ್ತನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ಮೂರು ಕುದುರೆಗೆ ಸಾವಿರ ಪರ್ದಾವ್ ನಾಣ್ಯ ಎಂಬ ದರದಲ್ಲಿ ಅರಸ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದ.

ಪರದೇಶದಲ್ಲಿ ಅಗ್ಗಕ್ಕೆ ಕೊಂಡು ಇಲ್ಲಿ ಲಾಭಕ್ಕೆ ಮಾರುವ ವ್ಯಾಪಾರವನ್ನು ಅರಿಯಲು ಈ ಬಾಲದ ಸಂಗತಿಗಿಂತ ಒಳ್ಳೆಯ ಕೀಲಿಕೈ ನನಗೆ ಸಿಕ್ಕಿಲ್ಲ. ಬೆಲೆಯ ಅಂತರ ಎಲ್ಲರ ಕಣ್ಣಿಗೂ ಬೀಳುತ್ತದೆ. ದಾರಿಯಲ್ಲಿ ಸತ್ತ ಕುದುರೆಗೆ ಹಣ ಕೊಡುವವರು ಯಾರು ಎಂಬುದನ್ನು ಮಾತ್ರ ಬಹಳ ಮಂದಿ ಕೇಳುವುದೇ ಇಲ್ಲ.

ಇದನ್ನು ಬರೆಯಲು ಕಾರಣವಿದೆ. ಮುದ್ದೇಬಿಹಾಳ, ತಾಳಿಕೋಟಿ, ಸಿಂದಗಿ, ಇಂಡಿ ಕಡೆಯ ಓದಿದ ಹುಡುಗರು ಈಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕಾಕಾ, ಚೀನಾದಾಗ ನಲವತ್ತ ರೂಪಾಯಿಗೆ ಸಿಗತೈತ್ರಿ, ಇಲ್ಲಿ ಇನ್ನೂರಕ್ಕ ಹೋಗತೈತಿ. ತರಿಸಿ ಆನ್‌ಲೈನ್‌ನ್ಯಾಗ ಮಾರೂಣೇನ್ರಿ?" ಹೊಲ ಇದ್ದರೆ ಮಳೆಯ ಚಿಂತೆ, ಇಲ್ಲದಿದ್ದರೆ ಗೋವಾ, ಬೆಂಗಳೂರು, ಪುಣೆಗೆ ಗುಳೆ ಹೋಗುವ ಚಿಂತೆ ಇರುವ ನಾಡಿನಲ್ಲಿ, ಮನೆಯಲ್ಲೇ ಕುಳಿತು ಮೊಬೈಲ್‌ನಿಂದ ವ್ಯಾಪಾರ ಮಾಡಬಹುದು ಎಂಬ ಆಸೆ ಸಣ್ಣದಲ್ಲ. ಆ ಆಸೆಗೆ ಗೌರವ ಕೊಟ್ಟೇ ಉತ್ತರ ಹೇಳಬೇಕು.

ಐಹೊಳೆಯಿಂದ ಸುಮಾತ್ರಾಕ್ಕೆ

ದೂರದ ವ್ಯಾಪಾರ ನಮ್ಮ ಭಾಗಕ್ಕೆ ಹೊಸದೆಂದು ತಿಳಿಯಬೇಕಿಲ್ಲ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆಯಲ್ಲೇ ಐಹೊಳೆ ಇದೆ. ಅಯ್ಯಾವೊಳೆ ಐನೂರ್ವರು ಎಂದು ಶಾಸನಗಳಲ್ಲಿ ಹೆಸರಾದ ವರ್ತಕ ಸಂಘದ ಮೂಲನೆಲೆ ಅದು. ಶಿಕಾರಿಪುರ ತಾಲ್ಲೂಕಿನಲ್ಲಿ ಸಿಕ್ಕ ಹನ್ನೊಂದನೇ ಶತಮಾನದ ಶಾಸನವೊಂದು ಇವರ ವ್ಯಾಪಾರವನ್ನು ಉದ್ದಕ್ಕೂ ಬಣ್ಣಿಸುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಇವರು ದೂರದ ನಾಡುಗಳಿಗೆ ಹೋಗುತ್ತಿದ್ದರು. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಮಾರುತ್ತಿದ್ದರು. ದೊಡ್ಡ ಮೊತ್ತದಲ್ಲಿ ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರುವವರೂ ಇದ್ದರು. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದೂ ಐನೂರ್ವರದೇ.

ಈ ಸಂಘದವರು ತಮ್ಮ ಕಟ್ಟಳೆಯನ್ನು ವೀರ ಬಣಂಜು ಧರ್ಮ ಎಂದು ಕರೆದುಕೊಂಡರು. ದಾರಿಯಲ್ಲಿ ಕಾವಲಿಗೆ ತಮ್ಮದೇ ಪಡೆ ಇಟ್ಟರು. ಸುಂಕ ಕಟ್ಟಿ ಅರಸನ ಬೊಕ್ಕಸ ತುಂಬಿದೆವು ಎಂದು ಶಾಸನದಲ್ಲಿ ಹೆಮ್ಮೆಯಿಂದ ಬರೆಸಿಕೊಂಡರು. ಒಬ್ಬ ವರ್ತಕ ಒಂಟಿಯಾಗಿ ಹೊರಲಾಗದ ಅಪಾಯವನ್ನು ಸಂಘ ಹಂಚಿಕೊಳ್ಳುತ್ತಿತ್ತು. ಅವರು ಶತಮಾನಗಟ್ಟಲೆ ಬಾಳಿದ್ದು ಇದೇ ಬಲದಿಂದ ಎಂದು ನನಗೆ ಅನಿಸುತ್ತದೆ.

ಮುಂದೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿ ಗೋವಾ ಬಂದರು ಇದ್ದಷ್ಟು ಕಾಲ ಕುದುರೆಗಳು ಅಲ್ಲಿ ಇಳಿದು ಘಟ್ಟ ಹತ್ತಿ ಬಂದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. 1547ರಲ್ಲಿ ವಿಜಯನಗರದ ಜೊತೆ ಒಪ್ಪಂದ ಮಾಡಿಕೊಂಡು, ಗೋವಾಕ್ಕೆ ಬಂದ ಕುದುರೆಗಳನ್ನು ಅವರಿಗೇ ಕೊಡುತ್ತೇವೆ, ಬಿಜಾಪುರಕ್ಕೆ ಕೊಡುವುದಿಲ್ಲ ಎಂದರು. ಹದಿನೆಂಟು ವರ್ಷದ ನಂತರ ತಂಗಡಗಿಯ ಸೀಮೆಯಲ್ಲಿ ವಿಜಯನಗರ ಸೋತಾಗ ದೊಡ್ಡ ಗಿರಾಕಿಯೇ ಇಲ್ಲವಾಗಿ ಗೋವಾದ ಕುದುರೆ ವ್ಯಾಪಾರವೂ ಕುಸಿಯಿತು. ಮಾಲು ತರುವ ಬಾಗಿಲು ಯಾರ ಕೈಯಲ್ಲಿದೆಯೋ ಲಾಭದ ದೊಡ್ಡ ಪಾಲೂ ಅವರದೇ. ಗಿರಾಕಿ ಮುಳುಗಿದರೆ ವ್ಯಾಪಾರಿಯೂ ಮುಳುಗುತ್ತಾನೆ. ಅಂದಿನ ಗೋವಾ ಬಂದರಿನ ಜಾಗದಲ್ಲಿ ಇಂದು ಆನ್‌ಲೈನ್ ಕಂಪನಿಗಳಿವೆ.

ಫಾರಿನ್ ಮಾಲಿನ ಕಾಲ

ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ಪರದೇಶಿ ಮಾಲಿಗೆ ಲೈಸೆನ್ಸ್ ಬೇಕಿತ್ತು, ಸುಂಕವೂ ವಿಪರೀತವಾಗಿತ್ತು. ಆಗ ವ್ಯಾಪಾರ ಪೆಟ್ಟಿಗೆಗಳಲ್ಲಿ ನಡೆಯಿತು. ಎಪ್ಪತ್ತರ ದಶಕದಿಂದ ಕೊಲ್ಲಿಗೆ ದುಡಿಯಲು ಹೋದ ಕರಾವಳಿಯವರು ರಜೆಗೆ ಬರುವಾಗ ಟೇಪ್‌ರೆಕಾರ್ಡರ್, ಗಡಿಯಾರ, ಸೆಂಟು, ನೈಲಾನ್ ಸೀರೆ ತಂದರು. ಭಟ್ಕಳದ ಫಾರಿನ್ ಮಾಲಿನ ಅಂಗಡಿಗಳು ಹೆಸರಾದವು. ಮಂಗಳೂರು, ಕಾಸರಗೋಡಿನಲ್ಲೂ ಅಂಥ ಅಂಗಡಿಗಳಿದ್ದವು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ನಮ್ಮ ಭಾಗದವರೂ ಹೋಗಿ ಚೌಕಾಸಿ ಮಾಡಿ ತಂದರು. ಇದರಲ್ಲಿ ಕಾನೂನಿನ ಒಳಗೆ ಬಂದದ್ದೂ ಇತ್ತು, ಕಳ್ಳದಾರಿಯಲ್ಲಿ ಬಂದದ್ದೂ ಇತ್ತು. ಬಿಲ್ಲು ಇಲ್ಲ, ಗ್ಯಾರಂಟಿ ಇಲ್ಲ. ಕೆಟ್ಟರೆ ಕೊಂಡವನ ಹಣೆಬರಹ. ಸತ್ತ ಕುದುರೆಗೆ ಹಣ ಕೊಟ್ಟವನು ಆಗ ಗಿರಾಕಿ.

ಬಾಗಿಲು ಪೂರ್ತಿ ತೆರೆದದ್ದು 2001ರಲ್ಲಿ. ಆ ವರ್ಷದ ಏಪ್ರಿಲ್ 1ರಂದು ಉಳಿದ 715 ವಸ್ತುಗಳ ಮೇಲಿನ ಆಮದು ಮಿತಿಯನ್ನು ಭಾರತ ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಜಾತ್ರೆಗಳ ಅಂಗಡಿ ಸಾಲು ಬದಲಾಯಿತು. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರು ನೆನಪು ಮಾಡಿಕೊಳ್ಳಲಿ: ಕಟ್ಟಿಗೆಯ ಗಾಡಿ, ಮಣ್ಣಿನ ಗೊಂಬೆಯ ಜಾಗಕ್ಕೆ ಬ್ಯಾಟರಿಯ ಬೊಂಬೆ, ಮಿನುಗುವ ದೀಪ, ಪ್ಲಾಸ್ಟಿಕ್ ಬಂದೂಕು ಬಂದವು. ಗಟ್ಟಿ ದನಿಯ ಚೀನಾ ಮೊಬೈಲ್ ಸೆಟ್ಟುಗಳು ಹಳ್ಳಿಹಳ್ಳಿಗೂ ಬಂದವು. ಅವುಗಳಲ್ಲಿ ಎಷ್ಟಕ್ಕೋ ಪ್ರತಿ ಸೆಟ್ಟನ್ನು ಗುರುತಿಸುವ ಐಎಂಇಐ ಸಂಖ್ಯೆಯೇ ಇರಲಿಲ್ಲ. ಅಂಥ ಸೆಟ್ಟುಗಳಿಗೆ ಸಂಪರ್ಕ ಕಡಿಯಬೇಕೆಂಬ ಸರಕಾರದ ಆದೇಶ 2009ರ ನವೆಂಬರ್ 30ರ ಮಧ್ಯರಾತ್ರಿ ಜಾರಿಗೆ ಬಂತು. ಸೆಟ್ಟು ಕೊಂಡ ಕೂಲಿಕಾರನ ಹಣ ಹೋಯಿತು, ಮಾರಿದ ಸಣ್ಣ ಅಂಗಡಿಯವನ ಮಾನ ಹೋಯಿತು.

ಪೇಟೆ ಮೊಬೈಲಿಗೆ ಬಂದಾಗ

1999ರಲ್ಲಿ ಚೀನಾದ ಹಾಂಗ್‌ಝೌದಲ್ಲಿ ಅಲಿಬಾಬಾ ಹುಟ್ಟಿತು. ಕಾರ್ಖಾನೆಯವನನ್ನೂ ಜಗತ್ತಿನ ಸಣ್ಣ ವ್ಯಾಪಾರಿಯನ್ನೂ ಎದುರುಬದುರು ಕೂರಿಸುವುದು ಅದರ ಕೆಲಸ. ಹತ್ತಿರದ ಯಿವೂ ನಗರ ಸಣ್ಣಪುಟ್ಟ ಸಾಮಾನುಗಳ ಜಗತ್ತಿನ ಅತಿ ದೊಡ್ಡ ಸಂತೆಯಾಯಿತು. ಇತ್ತ ಮಾರುವ ವೇದಿಕೆಗಳೂ ಬೆಳೆದವು. 2004ರಲ್ಲಿ ಈಬೇ ಭಾರತಕ್ಕೆ ಬಂತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾಯಿತು. 2013ರಲ್ಲಿ ಅಮೆಜಾನ್ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ, ವಾಟ್ಸ್ಆಪ್ ಗುಂಪುಗಳಲ್ಲಿ ಮಾಲಿನ ಫೋಟೋ ಹಂಚಿ ಮಾರುವ ಗೃಹಿಣಿಯರನ್ನೇ ನೆಚ್ಚಿ ಬೆಳೆಯಿತು. ಕೊಳ್ಳುವ ಪೇಟೆಯೂ ಮಾರುವ ಪೇಟೆಯೂ ಒಂದೇ ಮೊಬೈಲಿನಲ್ಲಿ ಸಿಕ್ಕ ಮೇಲೆ ಮುದ್ದೇಬಿಹಾಳದ ಹುಡುಗನಿಗೂ ಮುಂಬೈ ವ್ಯಾಪಾರಿಗೂ ವ್ಯತ್ಯಾಸ ಉಳಿದಿಲ್ಲವೇನೋ ಎನಿಸಿತು.

ಇದೇ ಕಾಲಕ್ಕೆ ಇನ್ನೊಂದು ದಾರಿಯೂ ಹೆಸರಾಯಿತು: ಡ್ರಾಪ್‌ಶಿಪ್ಪಿಂಗ್. ಮಾಲನ್ನು ಕೈಯಿಂದ ಮುಟ್ಟದೆಯೇ, ಗಿರಾಕಿಯಿಂದ ಹಣ ಪಡೆದು, ಪರದೇಶದ ಸರಬರಾಜುದಾರನಿಂದ ನೇರ ಅವನ ಮನೆಗೆ ಕಳಿಸುವುದು. ಅಮೆರಿಕದಲ್ಲಿ ಇದು ಬೆಳೆಯಲು ಕಾರಣವಿತ್ತು. ಅಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. ಚೀನಾದ ಪಾರ್ಸೆಲ್‌ಗಳಿಗೆ ಆ ರಿಯಾಯಿತಿ 2025ರ ಮೇ ತಿಂಗಳಲ್ಲಿ ನಿಂತಿತು, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಂತಿತು. ಭಾರತದಲ್ಲಿ ಬಾಗಿಲು ಅದಕ್ಕೂ ಮೊದಲೇ ಮುಚ್ಚಿತ್ತು. 5,000 ರೂಪಾಯಿ ಒಳಗಿನ ಉಡುಗೊರೆಗೆ ಇದ್ದ ವಿನಾಯಿತಿಯ ಹೆಸರಿನಲ್ಲಿ ಆನ್‌ಲೈನ್ ಮಾಲು ಹರಿದು ಬರತೊಡಗಿದಾಗ, 2019ರ ಡಿಸೆಂಬರ್‌ನಲ್ಲಿ ಜೀವರಕ್ಷಕ ಔಷಧಿ, ರಾಖಿ ಬಿಟ್ಟು ಉಳಿದುದನ್ನು ಉಡುಗೊರೆಯಾಗಿ ತರುವುದನ್ನು ಸರಕಾರ ನಿಷೇಧಿಸಿತು. ಗಡಿಯಲ್ಲಿ ಚೀನಾದ ಜೊತೆ ನಡೆದ ಗಲ್ವಾನ್ ಘರ್ಷಣೆಯ ನಂತರ 2020ರ ಜೂನ್‌ನಲ್ಲಿ ಶೀನ್, ಕ್ಲಬ್ ಫ್ಯಾಕ್ಟರಿ ಸೇರಿ 59 ಆಪ್‌ಗಳನ್ನೂ, ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಸೇರಿ ಇನ್ನೂ 43 ಆಪ್‌ಗಳನ್ನೂ ನಿರ್ಬಂಧಿಸಿತು. ಆದ್ದರಿಂದ ಅಮೆರಿಕದ ವಿಡಿಯೋ ನೋಡಿ ಇಲ್ಲಿ ಆ ವ್ಯಾಪಾರಕ್ಕೆ ಇಳಿಯುವವರು, ಅದನ್ನು ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಫೀ ಕೇಳುವವರನ್ನು ನಂಬುವವರು, ಎರಡು ಸಲ ಯೋಚಿಸಬೇಕು.

ನಲವತ್ತು ರೂಪಾಯಿಯ ಲೆಕ್ಕ

ಈಗ ಹುಡುಗ ಕೇಳಿದ ಲೆಕ್ಕಕ್ಕೇ ಬರೋಣ. ಸುಂಕದ ದರ ವಸ್ತುವಿನಿಂದ ವಸ್ತುವಿಗೆ ಬೇರೆ. ಕಂಪನಿಗಳ ಕಮಿಷನ್ನೂ ಬೇರೆ ಬೇರೆ. ಆದ್ದರಿಂದ ಇದನ್ನು ಊಹೆಯ ಲೆಕ್ಕ ಎಂದೇ ಓದಬೇಕು.

ಕಾರ್ಖಾನೆಯಲ್ಲಿ ಒಂದು ಪೀಸಿಗೆ 40 ರೂಪಾಯಿ. ಹಡಗಿನ ಬಾಡಿಗೆ, ವಿಮೆಯ ಪಾಲು 20 ಎಂದಿಟ್ಟುಕೊಳ್ಳೋಣ. ಸುಂಕದ ಇಲಾಖೆ ಲೆಕ್ಕ ಹಿಡಿಯುವುದು ಈ 60 ರೂಪಾಯಿಯ ಮೇಲೆ. ಮೂಲ ಸುಂಕ ಶೇ 20 ಆದರೆ 12 ರೂಪಾಯಿ. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 1 ರೂಪಾಯಿ 20 ಪೈಸೆ. ಅಲ್ಲಿಗೆ 73 ರೂಪಾಯಿ 20 ಪೈಸೆ. ಅದರ ಮೇಲೆ ಶೇ 18ರ ಐಜಿಎಸ್‌ಟಿ, ಹದಿಮೂರು ರೂಪಾಯಿ ಚಿಲ್ಲರೆ. ಜಿಎಸ್‌ಟಿ ನೋಂದಣಿ ಇದ್ದವರಿಗೆ ಇದು ಮುಂದೆ ಜಮಾ ಸಿಗುತ್ತದೆ, ಆದರೆ ಅಲ್ಲಿಯತನಕ ಬಂಡವಾಳ ಕಟ್ಟಿಹಾಕಿದಂತೆ. ಬಂದರಿನ ಏಜೆಂಟ್, ಲಾರಿ ಬಾಡಿಗೆ, ಲೇಬಲ್ ಎಲ್ಲ ಸೇರಿ 15 ರೂಪಾಯಿ. ಮನೆಗೆ ಬರುವ ಹೊತ್ತಿಗೆ ತೆರಿಗೆ ಬಿಟ್ಟು 88 ರೂಪಾಯಿ ಬಿತ್ತು.

ಇದನ್ನು 200 ರೂಪಾಯಿಗೆ ಮಾರಿದರೆ ಅದರೊಳಗೇ ಜಿಎಸ್‌ಟಿ ಇದೆ. ಅದನ್ನು ತೆಗೆದರೆ ಉಳಿಯುವುದು 169. ಕಮಿಷನ್, ಪ್ಯಾಕಿಂಗ್, ಮನೆ ಮುಟ್ಟಿಸುವ ಖರ್ಚು 60 ಎಂದರೆ ಪೀಸಿಗೆ 21 ರೂಪಾಯಿ ನಫಾ. ಇಲ್ಲಿಯವರೆಗೆ ಚಿಂತೆಯಿಲ್ಲ.

ಆದರೆ ಹತ್ತು ಪಾರ್ಸೆಲ್‌ಗಳಲ್ಲಿ ಎರಡು ವಾಪಸ್ ಬಂದವು ಎಂದುಕೊಳ್ಳಿ. ಉಳಿದ ಎಂಟರಿಂದ 168 ರೂಪಾಯಿ ಬಂತು. ವಾಪಸ್ ಬಂದ ಎರಡರ ಸಾಗಾಟಕ್ಕೆ 120 ಹೋಯಿತು. ಆ ಎರಡರಲ್ಲಿ ಒಂದು ಒಡೆದು ಬಂದು ಮತ್ತೆ ಮಾರಲಾಗಲಿಲ್ಲ, ಇನ್ನೂ 88 ಹೋಯಿತು. ಎಂಟು ಗಿರಾಕಿಗಳಿಗೆ ಮಾಲು ಮುಟ್ಟಿಸಿದ ಮೇಲೂ 40 ರೂಪಾಯಿ ಲುಕ್ಸಾನು. ಜಾಹೀರಾತಿಗೆ ಸುರಿದ ಹಣ, ಸ್ವಂತ ದುಡಿಮೆಯ ಕೂಲಿ ಇದರಲ್ಲಿ ಸೇರಿಲ್ಲ. ಅರಸನು ಬಾಲ ನೋಡಿ ಕೊಡುತ್ತಿದ್ದ ಹಣವನ್ನು ಈಗ ವ್ಯಾಪಾರಕ್ಕೆ ಕೈಹಾಕಿದ ಹುಡುಗನೇ ಕೊಡಬೇಕು.

ಇದರ ಜೊತೆಗೆ ಪರದೇಶದ ಕಾರ್ಖಾನೆಯವನು ಸಾಮಾನ್ಯವಾಗಿ ಕಡಿಮೆ ಸಂಖ್ಯೆಯ ಮಾಲು ಕೊಡಲು ಒಪ್ಪುವುದಿಲ್ಲ. ಐನೂರು, ಸಾವಿರ ಪೀಸ್ ಕೊಳ್ಳಲೇಬೇಕು ಎನ್ನುತ್ತಾನೆ. ಹಣವನ್ನು ಮುಂಗಡ ಕೇಳುತ್ತಾನೆ. ಸ್ಯಾಂಪಲ್ ಚೆನ್ನಾಗಿ ಕಳಿಸಿ, ಆಮೇಲೆ ಕಳಪೆ ಮಾಲು ತುಂಬಿದರೆ ಹಾಂಗ್‌ಝೌಗೆ ಹೋಗಿ ಜಗಳ ಮಾಡುವ ಶಕ್ತಿ ನಮಗಿಲ್ಲ. ಅಪಾಯವೆಲ್ಲ ಸರಪಳಿಯ ಕೊನೆಯ ಕೊಂಡಿಗೆ ಬಂದು ನಿಲ್ಲುತ್ತದೆ.

ಕಾಯ್ದೆ ಯಾರನ್ನು ಹಿಡಿಯುತ್ತದೆ

ವ್ಯಾಪಾರಕ್ಕೆ ಮಾಲು ತರಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು ರಫ್ತು ಸಂಕೇತ, ಅಂದರೆ ಐಇಸಿ ಪಡೆಯಬೇಕು. ಪ್ಯಾನ್ ಆಧಾರದ ಮೇಲೆ 500 ರೂಪಾಯಿ ಶುಲ್ಕಕ್ಕೆ ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಕೆಲವು ಷರತ್ತಿನ ಮೇಲೆ ನೋಂದಣಿಯಿಂದ ರಿಯಾಯಿತಿ ಸಿಕ್ಕಿದೆ. ಆದರೆ ಬೇರೆ ರಾಜ್ಯಕ್ಕೆ ಒಂದು ಪಾರ್ಸೆಲ್ ಕಳಿಸಬೇಕಾದರೂ ಆ ರಿಯಾಯಿತಿ ಸಾಲದು. ಪ್ಯಾಕೆಟ್ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ ಇರಬೇಕೆಂದು 2011ರ ಪ್ಯಾಕೇಜ್ ವಸ್ತುಗಳ ನಿಯಮ ಹೇಳುತ್ತದೆ. ಆನ್‌ಲೈನ್‌ನಲ್ಲಿ ಮಾರುವವರು ಮೂಲ ದೇಶ ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ.

ಇನ್ನು ಗುಣಮಟ್ಟದ ಬಿಐಎಸ್ ಗುರುತು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಚಾರ್ಜರ್, ಪವರ್‌ಬ್ಯಾಂಕ್, ಎಲ್ಇಡಿ ದೀಪ ಮುಂತಾದವಕ್ಕೂ ನೋಂದಣಿ ಬೇಕು. ಹುಡುಗರು ತರಿಸಬೇಕೆಂದು ಮೊದಲು ಆಸೆಪಡುವುದು ಇಂಥ ಮಾಲನ್ನೇ. 2022ರಲ್ಲಿ ಗುರುತಿಲ್ಲದ ಪ್ರೆಶರ್ ಕುಕ್ಕರ್ ಮಾರಾಟಕ್ಕೆ ಅವಕಾಶ ಕೊಟ್ಟ ಕಾರಣಕ್ಕೆ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ದೊಡ್ಡ ಕಂಪನಿಗಳಿಗೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಅವರಿಗೆ ಅದು ಚಿಲ್ಲರೆ ಹಣ. ಸಣ್ಣ ವ್ಯಾಪಾರಿಗೆ ಒಂದು ಜಪ್ತಿಯಲ್ಲೇ ಬಂಡವಾಳ ಪೂರ್ತಿ ಮುಗಿಯುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಮುಖ್ಯ ಮಾತು ಹೇಳಿದೆ. ಮಾಲು ಮಾರುವವರ ಸಾಲಿನಲ್ಲಿ ಆಮದುದಾರನನ್ನೂ ಅದು ಸೇರಿಸಿದೆ. ತಯಾರಕ ಯಾರೆಂದು ತಿಳಿಯದಿದ್ದರೆ, ಅಥವಾ ಇಲ್ಲಿನ ನೋಟಿಸು ಅವನಿಗೆ ಮುಟ್ಟದಿದ್ದರೆ, ಮಾಲಿನಿಂದಾದ ಹಾನಿಗೆ ಮಾರಿದವನೇ ಉತ್ತರ ಕೊಡಬೇಕು. ಚಾರ್ಜರ್ ಸಿಡಿದು ಮಗುವಿನ ಕೈ ಸುಟ್ಟರೆ ನ್ಯಾಯಾಲಯ ಚೀನಾದ ಕಾರ್ಖಾನೆಯವನನ್ನು ಹುಡುಕಿಕೊಂಡು ಹೋಗುವುದಿಲ್ಲ.

ಎರಡು ಬಲೆಗಳ ಬಗ್ಗೆ ಬಿಚ್ಚಿ ಹೇಳಬೇಕು. ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆದು ಕಳಿಸುತ್ತೇನೆ, ಸುಂಕ ಉಳಿಯುತ್ತದೆ ಎಂದು ಸರಬರಾಜುದಾರ ಆಸೆ ತೋರಿಸುತ್ತಾನೆ. ಸಿಕ್ಕಿಬಿದ್ದರೆ ಮಾಲು ಜಪ್ತಿ, ಮೇಲೆ ದಂಡ. ಎರಡನೆಯದು ಫಸ್ಟ್ ಕಾಪಿ. ಹೆಸರಾಂತ ಬ್ರಾಂಡಿನ ಗಡಿಯಾರ, ಬೂಟಿನ ನಕಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಜೈಲುಶಿಕ್ಷೆಯ ಅಪರಾಧ. ಎಲ್ಲರೂ ಮಾರುತ್ತಾರೆ ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ.

ಪರ ನಿಲ್ಲುವವರ ಮಾತು

ಈ ವ್ಯಾಪಾರದ ಪರವಾಗಿ ಹೇಳುವುದರಲ್ಲೂ ತಿರುಳಿದೆ. ಬಡವರ ಮನೆಗೆ ಅಗ್ಗದ ಟಾರ್ಚು, ಸೋಲಾರ್ ದೀಪ, ಮೊಬೈಲ್ ಬಂದದ್ದು ಇದರಿಂದಲೇ. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು, ದರ್ಜಿಯ ಯಂತ್ರದ ಬಿಡಿಭಾಗ, ಸಣ್ಣ ಉದ್ದಿಮೆಗೆ ಬೇಕಾದ ಯಂತ್ರ ಎಷ್ಟೋ ಸಲ ಹೊರಗಿನಿಂದಲೇ ಬರಬೇಕು. ದೊಡ್ಡ ಊರಿನ ಸಗಟು ವ್ಯಾಪಾರಿಯ ಕೈಕೆಳಗೇ ಇರಬೇಕಿದ್ದ ಸಣ್ಣ ಊರಿನವನಿಗೆ ನೇರ ದಾರಿ ಸಿಕ್ಕಿತು. ಮನೆಯಿಂದ ಹೊರಗೆ ಹೋಗಿ ದುಡಿಯಲಾಗದ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಬಟ್ಟೆ, ಬಳೆ ಮಾರಿ ಮನೆಗೆ ನಾಲ್ಕು ಕಾಸು ತಂದರು.

ಗೆದ್ದವರೂ ಇದ್ದಾರೆ. ಗೆದ್ದವರನ್ನು ಗಮನಿಸಿದರೆ ಅವರು ಸಾಮಾನ್ಯವಾಗಿ ಒಂದೇ ಬಗೆಯ ಮಾಲನ್ನು ಹಿಡಿದವರು. ಹೊಲಿಗೆ ಯಂತ್ರದ ಬಿಡಿಭಾಗ ಎಂದರೆ ಅದೇ. ಯಾವ ಸೂಜಿ ಯಾವ ಯಂತ್ರಕ್ಕೆ ಕೂಡುತ್ತದೆ ಎಂದು ಬಲ್ಲವರು. ಗಿರಾಕಿ ಫೋನ್ ಮಾಡಿದರೆ ಉತ್ತರ ಕೊಡುವವರು. ಕೆಟ್ಟದ್ದನ್ನು ಬದಲಿಸಿ ಕೊಡುವವರು. ಅವರ ಲಾಭ ಬೆಲೆಯ ಅಂತರದಿಂದ ಬಂದದ್ದಕ್ಕಿಂತ ಅವರ ತಿಳಿವಳಿಕೆಯಿಂದ ಬಂದದ್ದೇ ಹೆಚ್ಚು. ಬೆಲೆಯ ಅಂತರ ಮೂರು ತಿಂಗಳೂ ನಿಲ್ಲುವುದಿಲ್ಲ, ಅದೇ ಫೋಟೋ ಹಾಕಿ ಹತ್ತು ರೂಪಾಯಿ ಕಡಿಮೆಗೆ ಮಾರುವ ಇನ್ನೊಬ್ಬ ಬಂದೇ ಬರುತ್ತಾನೆ. ತಿಳಿವಳಿಕೆಯನ್ನು ಅವನು ನಕಲು ಮಾಡಲಾರ.

ಮಾರ್ಕೊ ಪೋಲೊ ಪಾಂಡ್ಯ ನಾಡಿನ ಕುದುರೆ ವ್ಯಾಪಾರದ ಬಗ್ಗೆ ಬರೆದದ್ದು ಇಲ್ಲಿ ನೆನಪಾಗುತ್ತದೆ. ಕುದುರೆ ಸಾಕುವ ವಿದ್ಯೆ ಅಲ್ಲಿನವರಿಗೆ ಗೊತ್ತಿರಲಿಲ್ಲ. ಲಾಳ ಕಟ್ಟುವವರು ಆ ನಾಡಿಗೆ ಹೋಗದಂತೆ ವರ್ತಕರೇ ತಡೆಯುತ್ತಿದ್ದರಂತೆ. ಕುದುರೆಗಳು ಸಾಯುತ್ತಿದ್ದರೆ ತಾನೇ ಹೊಸ ಕುದುರೆ ಮಾರಲು ಸಾಧ್ಯ? ಗಿರಾಕಿಯ ಅಜ್ಞಾನದ ಮೇಲೆ ನಿಂತ ಲಾಭ ಅದು. ಅಂಥ ವ್ಯಾಪಾರ ನಮ್ಮ ಮಕ್ಕಳು ಮಾಡುವುದು ಬೇಡ.

ಹೊಡೆತ ಬಿದ್ದ ಕೈಗಳು

ಅಗ್ಗದ ಆಮದು ಯಾರದೋ ಕೈಕಸುಬನ್ನು ತಟ್ಟಿಯೇ ತಟ್ಟುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆಗಳಿಗೆ ಭೌಗೋಳಿಕ ಸೂಚಕ ಇದೆ, ಶತಮಾನಗಳ ಹೆಸರಿದೆ. ಆದರೂ ಚೀನಾದ ಪ್ಲಾಸ್ಟಿಕ್ ಮುಂದೆ ಅಲ್ಲಿನ ಕುಶಲಕರ್ಮಿಗಳು ನಲುಗಿದರು. ಆಟಿಕೆಗಳ ಮೂಲ ಸುಂಕವನ್ನು ಸರಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2014-15ರಿಂದ 2022-23ರ ನಡುವೆ ಆಟಿಕೆ ಆಮದು ಶೇ 52ರಷ್ಟು ಇಳಿಯಿತು ಎಂದು ಸರಕಾರವೇ ಹೇಳಿದೆ. ಸುಂಕವೂ ಗುಣಮಟ್ಟದ ನಿಯಮವೂ ಕೂಡಿದರೆ ಗಾಳಿ ತಿರುಗಬಲ್ಲದು. ಆದರೆ ಒಟ್ಟು ಲೆಕ್ಕ ಬೇರೆ: 2024-25ರಲ್ಲಿ ಚೀನಾದಿಂದ ಭಾರತ 113 ಶತಕೋಟಿ ಡಾಲರ್‌ಗೂ ಮೀರಿ ಆಮದು ಮಾಡಿಕೊಂಡಿತು, ವ್ಯಾಪಾರ ಕೊರತೆ 99 ಶತಕೋಟಿ ಡಾಲರ್ ದಾಟಿತು.

ನಮ್ಮ ಜಿಲ್ಲೆಗೆ ಹೆಚ್ಚು ತಟ್ಟುವುದು ಬೊಂಬೆಗಿಂತ ತೊಗರಿ. ಅದು ಆನ್‌ಲೈನ್ ವ್ಯಾಪಾರವಲ್ಲ, ಆದರೆ ಹೊರಗೆ ಅಗ್ಗಕ್ಕೆ ಕೊಂಡು ಒಳಗೆ ಮಾರುವ ಅದೇ ಲೆಕ್ಕ. 2016ರಲ್ಲಿ ತೊಗರಿ ತರಿಸಲು ಮೊಜಾಂಬಿಕ್ ಜೊತೆ ಭಾರತ ಒಪ್ಪಂದ ಮಾಡಿಕೊಂಡಿತು. 2021ರ ಮೇ ತಿಂಗಳಿನಿಂದ ತೊಗರಿ ಆಮದನ್ನು ಮುಕ್ತಗೊಳಿಸಿತು. ಮ್ಯಾನ್ಮಾರ್, ಆಫ್ರಿಕಾದಿಂದ ತೊಗರಿ ಬಂತು. ಬೇಳೆಯ ಬೆಲೆ ಏರಿದಾಗ ಪಟ್ಟಣದ ಅಡುಗೆಮನೆಗೆ ಅದರಿಂದ ಅನುಕೂಲವಾಯಿತು. ಆದರೆ ಸುಗ್ಗಿ ಹೊತ್ತಿನಲ್ಲಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಇಳಿದಾಗ ಅಡತಿ ಅಂಗಡಿಯ ಮುಂದೆ ಚೀಲ ಇಳಿಸಿ ನಿಂತ ಮುದ್ದೇಬಿಹಾಳ, ಸಿಂದಗಿಯ ರೈತನ ಮುಖವನ್ನು ನೋಡಬೇಕು. 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಎಂದು ಬರೆದ ಕಾಗದ ಖರೀದಿ ಕೇಂದ್ರ ತೆರೆಯುವತನಕ ಕಾಗದವೇ. ತಂದೆಯ ತೊಗರಿಗೆ ಬೆಲೆ ಇಳಿಸಿದ ಆಮದಿನ ದಾರಿಯಲ್ಲೇ ಮಗ ಜೀವನ ಹುಡುಕುತ್ತಿದ್ದಾನೆ. ಈ ನೋವನ್ನು ಮರೆತು ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಇಲ್ಲಿಂದ ಅಲ್ಲಿಗೆ

ಹಾಗಾದರೆ ಅದೇ ಮೊಬೈಲು, ಅದೇ ವೇದಿಕೆ ಹಿಡಿದು ಇಲ್ಲಿನ ಮಾಲನ್ನು ಹೊರಗೆ ಕಳಿಸಬಾರದೇಕೆ? ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಸಿಕ್ಕಿದೆ. 2025ರಲ್ಲಿ ಅದು ಸಂಯುಕ್ತ ಅರಬ್ ಸಂಸ್ಥಾನಕ್ಕೆ ರಫ್ತಾಯಿತು. ಕುದುರೆ ಬಂದ ದಿಕ್ಕಿಗೇ ಲಿಂಬೆ ಹೋಯಿತು. ವಿಜಯಪುರದ ಒಣದ್ರಾಕ್ಷಿ ಇದೆ. ಹೊಳೆಯಾಚೆ ಇಳಕಲ್ ಸೀರೆ ಇದೆ. ಮೈ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸುವ ಆ ನೇಯ್ಗೆಯನ್ನು ಯಂತ್ರದ ನಕಲಿನಿಂದ ಬೇರ್ಪಡಿಸಿ ಗುರುತಿಸಬಲ್ಲ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ಆ ಕಣ್ಣು ಯಿವೂ ನಗರದ ವ್ಯಾಪಾರಿಗೆ ಇಲ್ಲ. ದುಬೈ, ಲಂಡನ್, ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಮದುವೆ ಸೀಮಂತಕ್ಕೆ ಅಸಲಿ ಇಳಕಲ್ ಬೇಕೆನ್ನುವವರಿದ್ದಾರೆ. ಸಣ್ಣ ರಫ್ತುದಾರರಿಗಾಗಿ 2022ರಿಂದ ಅಂಚೆ ಇಲಾಖೆ ಡಾಕ್‌ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಅಂಚೆ ಪಾರ್ಸೆಲ್‌ನಲ್ಲೇ ಕಾಗದಪತ್ರ ಮುಗಿಸಿ ಮಾಲು ಕಳಿಸಬಹುದು.

ಇದೂ ಸುಲಭವಲ್ಲ. ಲಿಂಬೆಯಲ್ಲಿ ಕೀಟನಾಶಕದ ಅಂಶ ಮಿತಿ ಮೀರಿದರೆ ಅಲ್ಲಿಯೂ ಮಾಲು ತಡೆಯುತ್ತಾರೆ. ಸೀರೆಯ ಬಣ್ಣ ಬಿಟ್ಟರೆ ಹಣ ವಾಪಸ್ ಕೇಳುತ್ತಾರೆ. ಆದರೆ ಇಲ್ಲಿ ಮಾಲು ಹುಟ್ಟುವ ಜಾಗ ನಮ್ಮ ಕಣ್ಣ ಮುಂದಿದೆ. ನೇಕಾರನ ಮನೆಗೆ ಹೋಗಿ ಮಗ್ಗದ ಮೇಲಿನ ಸೀರೆಯನ್ನೇ ಪರೀಕ್ಷಿಸಬಹುದು. ಲಿಂಬೆ ತೋಟಕ್ಕೆ ಹೋಗಿ ಏನು ಸಿಂಪಡಿಸಿದ್ದೀರಿ ಎಂದು ಕೇಳಬಹುದು. ಹೊಣೆ ಹೊರುವುದು ಸಾಧ್ಯವಾಗುತ್ತದೆ.

ಚಂದಯ್ಯನ ಹಗ್ಗ

ಶಿವಣಗಿಯ ನುಲಿಯ ಚಂದಯ್ಯ ನಮ್ಮ ಜಿಲ್ಲೆಯ ಶರಣ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಅವನ ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚು ಬೆಲೆ ಬಂದಾಗ ಅವನು ಒಪ್ಪದೆ ಹೋದ ಎಂಬ ಕಥೆ ನಮ್ಮಲ್ಲಿ ಇದೆ. ಲಾಭವೇ ಬೇಡ ಎಂದು ಶರಣರು ಹೇಳಲಿಲ್ಲ. ದುಡಿಮೆಗೆ ಸಲ್ಲುವ ಹಣವನ್ನು ತೆಗೆದುಕೋ, ಗಿರಾಕಿಯ ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ ಹಣವನ್ನು ಮುಟ್ಟಬೇಡ ಎಂದರು. ನೀಲಮ್ಮನ ಊರಿನಿಂದ ವ್ಯಾಪಾರಕ್ಕೆ ಹೊರಡುವವರಿಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಡ.

ಹಾಗಾಗಿ ಕಾಕಾ ಎಂದು ಕೇಳಿದ ಹುಡುಗನಿಗೆ ನನ್ನ ಉತ್ತರ ಇಷ್ಟು. ತರಿಸಬೇಡ ಎಂದು ಹೇಳಲಾರೆ. ಆದರೆ ಸಾಲ ಮಾಡಿ, ಅಪ್ಪನ ಹೊಲ ಒತ್ತೆ ಇಟ್ಟು ತರಿಸಬೇಡ. ನಿನಗೆ ಅರ್ಥವಾಗದ ಮಾಲು ತರಿಸಬೇಡ. ಮಕ್ಕಳ ಬಾಯಿಗೆ ಹೋಗುವ, ಕರೆಂಟಿಗೆ ಹಾಕುವ ಮಾಲನ್ನು ಗುರುತಿಲ್ಲದೆ ಮುಟ್ಟಲೇಬೇಡ. ಒಬ್ಬನೇ ಹೋಗಬೇಡ, ಐನೂರ್ವರಂತೆ ನಾಲ್ಕು ಮಂದಿ ಕೂಡಿ ಬಂಡವಾಳ, ಅಪಾಯ ಎರಡನ್ನೂ ಹಂಚಿಕೊಳ್ಳಿ. ಮೊದಲು ಇಲ್ಲಿನ ಮಾಲನ್ನೇ ಐವತ್ತು ಗಿರಾಕಿಗಳಿಗೆ ಮಾರಿ, ವಾಪಸ್ ಬಂದದ್ದನ್ನು ನಗುತ್ತಾ ಬದಲಿಸಿ ಕೊಟ್ಟು ನೋಡು. ಆಮೇಲೆ ಹೊರಗಿನದರ ಮಾತು.

ಮೊದಲ ಆರ್ಡರಿಗೆ ಹಣ ಕಳಿಸುವ ಮುನ್ನ ಒಂದು ಹಾಳೆ ತೆಗೆದುಕೊಂಡು ಸುಂಕ, ಬಾಡಿಗೆ, ಕಮಿಷನ್, ವಾಪಸಾತಿ ಎಲ್ಲವನ್ನೂ ಬರೆ. ಕೊನೆಯಲ್ಲಿ ಈ ಮಾಲು ಕೆಟ್ಟರೆ ಹಣ ಕೊಡುವವರು ಯಾರು ಎಂದು ಬರೆದು, ಅದರ ಮುಂದೆ ನಿನ್ನ ಹೆಸರು ಹಾಕು. ಹೆಸರು ಬರೆಯುವಾಗ ಕೈ ನಡುಗಿದರೆ ಆ ಆರ್ಡರನ್ನು ಅಲ್ಲಿಗೇ ಬಿಟ್ಟುಬಿಡು.